ಕ್ಯಾರವಾನ್ ಹಿಂದೆ ಸೈಕಲ್ ಕಟ್ಟುವ ಮುನ್ನ

ಮಾನ್ಯ ಸಂಪಾದಕರೇ,

ಟ್ರಾವೆಲರ್, ವಿಂಗರ್‌ನಂಥ ವಾಹನಗಳನ್ನು ಮಲಗುವ, ಅಡುಗೆ ಮಾಡುವ ಮನೆಯಾಗಿ, ಅಂದರೆ ಕ್ಯಾರವಾನ್ ಆಗಿ ಬದಲಿಸಿಕೊಂಡು ಊರೂರು ಸುತ್ತುವವರು ನಮ್ಮ ರಾಜ್ಯದಲ್ಲೂ ಕಾಣಸಿಗುತ್ತಿದ್ದಾರೆ. ಚಿಕ್ಕಮಗಳೂರು, ಕೊಡಗು, ಕರಾವಳಿ ಎಂದು ಹೊರಟವರಿಗೆ ಜೊತೆಗೆ ಒಂದೆರಡು ಸೈಕಲ್ ಇರಲಿ ಎನ್ನಿಸುವುದು ಸಹಜ. ಆದರೆ ಆ ಸೈಕಲ್ ಹೊರುವ ರ‍್ಯಾಕನ್ನು ಕೂರಿಸುವ ರೀತಿ ನೋಡಿದರೆ ಕಳವಳವಾಗುತ್ತದೆ. ಹತ್ತಿರದ ಫ್ಯಾಬ್ರಿಕೇಷನ್ ಶೆಡ್ಡಿಗೆ ಹೋಗಿ ‘ಹಿಂದೆ ಒಂದು ಸ್ಟ್ಯಾಂಡ್ ಹೊಡೆದುಕೊಡಿ’ ಎನ್ನುತ್ತಾರೆ; ಅವರು ಎಂಟು ಸೆಲ್ಫ್ ಟ್ಯಾಪಿಂಗ್ ಸ್ಕ್ರೂ ಬಿಗಿದು, ಸುತ್ತ ಸಿಲಿಕಾನ್ ಎಳೆದು, ಅರ್ಧ ಗಂಟೆಯಲ್ಲಿ ಕಳಿಸುತ್ತಾರೆ. ಆ ಅರ್ಧ ಗಂಟೆಯಲ್ಲಿ ಏನು ತಪ್ಪುತ್ತದೆ, ಸರಿಯಾಗಿ ಮಾಡುವುದು ಹೇಗೆ ಎಂದು ತಿಳಿಸಲು ಈ ಪತ್ರ.

ಮೊದಲು ಗೋಡೆಯನ್ನು ನೋಡೋಣ. ಕ್ಯಾರವಾನ್‌ಗೆಂದೇ ಕಟ್ಟಿದ ಬಾಡಿಯ ಹಿಂದಿನ ಗೋಡೆ ಸಾಮಾನ್ಯವಾಗಿ ಮೂರು ಪದರದ್ದು: ಹೊರಗೆ ಒಂದೆರಡು ಮಿ.ಮೀ. ಫೈಬರ್ ಅಥವಾ ಅಲ್ಯೂಮಿನಿಯಂ ಶೀಟು, ನಡುವೆ 25–30 ಮಿ.ಮೀ. ಫೋಮ್, ಒಳಗೆ 3 ಮಿ.ಮೀ. ಪ್ಲೈವುಡ್. ಕೈಯಲ್ಲಿ ಒತ್ತಿದರೆ ಗಟ್ಟಿಯಾಗಿಯೇ ಇರುತ್ತದೆ. ಆದರೆ ಸ್ಕ್ರೂ ಕಚ್ಚಿ ಹಿಡಿಯಲು ಆ ಫೋಮಿನಲ್ಲಿ ಏನೂ ಇಲ್ಲ. ಭಾರವೆಲ್ಲ ಹೊರಗಿನ ತೆಳು ಶೀಟಿನ ಮೇಲೆ ಬೀಳುತ್ತದೆ. ಕೆಲವು ನೂರು ಕಿಲೋಮೀಟರ್ ಕಳೆದ ಮೇಲೆ ಬ್ರಾಕೆಟ್ಟಿನ ಸುತ್ತ ಕೂದಲೆಳೆಯಂಥ ಬಿರುಕುಗಳು ಜೇಡರ ಬಲೆಯ ಹಾಗೆ ಹರಡಿದ್ದು ಕಂಡರೆ, ಶೀಟು ಫೋಮಿನಿಂದ ಬಿಟ್ಟುಕೊಳ್ಳಲು ಶುರುವಾಗಿದೆ ಎಂದೇ ಅರ್ಥ.

ಲೆಕ್ಕ ಹಾಕಿ ನೋಡಿ. ರ‍್ಯಾಕ್ 15 ಕೆ.ಜಿ., ತಲಾ 25 ಕೆ.ಜಿ.ಯ ಎರಡು ಬ್ಯಾಟರಿ ಸೈಕಲ್, ಒಟ್ಟು 65 ಕೆ.ಜಿ. ಈ ಭಾರ ಗೋಡೆಗೆ ಅಂಟಿಕೊಂಡಿರುವುದಿಲ್ಲ, ಸುಮಾರು 35 ಸೆಂ.ಮೀ. ಆಚೆಗೆ ತೂಗುತ್ತಿರುತ್ತದೆ. ಮೇಲಿನ ಮತ್ತು ಕೆಳಗಿನ ಬ್ರಾಕೆಟ್‌ಗಳ ನಡುವೆ 1 ಮೀಟರ್ ಅಂತರವಿದ್ದರೆ, ನಿಂತ ವಾಹನದಲ್ಲಿ ಮೇಲಿನ ಬೋಲ್ಟುಗಳನ್ನು ಹೊರಕ್ಕೆ ಎಳೆಯುವ ಬಲ ಸುಮಾರು 23 ಕೆ.ಜಿ. ಅಂತರವನ್ನು ಅರ್ಧ ಮೀಟರಿಗೆ ಇಳಿಸಿದರೆ ಅದು ನೇರ ಇಮ್ಮಡಿಯಾಗುತ್ತದೆ. ಹಂಪ್ ಮೇಲೆ ಹಿಂಭಾಗ ಎಗರಿ ಬಿದ್ದಾಗ ಮೂರು ಪಟ್ಟು ಎಂದಿಟ್ಟುಕೊಳ್ಳಿ, ಅರ್ಧ ಮೀಟರ್ ಅಂತರದಲ್ಲಿ ಬಲ 140 ಕೆ.ಜಿ.ಯ ಹತ್ತಿರ ಹೋಗುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯ ಹಂಪು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, ನಮ್ಮ ಹಳ್ಳಿ ರಸ್ತೆಗಳ ಹಂಪುಗಳು ಆ ಅಳತೆಯನ್ನು ಎಷ್ಟು ಪಾಲಿಸುತ್ತವೆ ಎಂಬುದು ಎಲ್ಲರಿಗೂ ಗೊತ್ತಿದೆ. ಆದ್ದರಿಂದ ರ‍್ಯಾಕಿನ ಬ್ರಾಕೆಟ್‌ಗಳನ್ನು ಮೇಲೆ ಕೆಳಗೆ ಆದಷ್ಟು ದೂರ ಇಡಬೇಕು. ಮೇಲಿನವು ಗೋಡೆಯೊಳಗೆ ಹಾಯ್ದಿರುವ ಬಾಡಿ ಚೌಕಟ್ಟಿನ ಅಡ್ಡ ಪೈಪಿನ ಮೇಲೆಯೇ ಬರಬೇಕು. ಚೌಕಟ್ಟು ಕಬ್ಬಿಣದ್ದಾದರೆ ಒಳಗಿನಿಂದ ಒಂದು ಗಟ್ಟಿ ಅಯಸ್ಕಾಂತ ಆಡಿಸಿದರೆ ಪೈಪ್ ಎಲ್ಲಿದೆ ಎಂದು ತಿಳಿಯುತ್ತದೆ. ಅಲ್ಯೂಮಿನಿಯಂ ಆದರೆ ಬಾಡಿ ಕಟ್ಟಿದವರನ್ನೇ ಕೇಳಬೇಕು.

ಪೈಪ್ ಸಿಗದ ಕಡೆ ಗೋಡೆಯನ್ನು ಆರಪಾರ ತೂತು ಮಾಡಿ, ಒಳಗಡೆ ಪ್ಲೇಟ್ ಕೊಟ್ಟು ಬೋಲ್ಟ್ ಹಾಕುವುದೊಂದೇ ದಾರಿ. ರಟ್ಟಿನಲ್ಲಿ ಬ್ರಾಕೆಟ್ಟಿನ ಅಚ್ಚು ಕತ್ತರಿಸಿ ಗೋಡೆಗೆ ಅಂಟಿಸಿ, ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿ. ಟೈಲ್ ಲ್ಯಾಂಪ್, ನಂಬರ್ ಪ್ಲೇಟ್, ರಿವರ್ಸ್ ಕ್ಯಾಮೆರಾ ಯಾವುದೂ ಮರೆಯಾಗಬಾರದು. ಒಳಗಡೆ ಅದೇ ಜಾಗದಲ್ಲಿ ವೈರು, ನೀರಿನ ಪೈಪು, ಗ್ಯಾಸ್ ಲೈನು ಇಲ್ಲವೆಂದು ಕಣ್ಣಾರೆ ನೋಡಬೇಕು, ಊಹೆ ಸಾಲದು. ತೂತು ಮಾಡುವ ಕಡೆ ಮಾಸ್ಕಿಂಗ್ ಟೇಪ್ ಅಂಟಿಸಿ, ಫೈಬರ್ ಶೀಟಾದರೆ ಮೊದಲು ಡ್ರಿಲ್ಲನ್ನು ಉಲ್ಟಾ ತಿರುಗಿಸಿ ಮೇಲಿನ ಹೊಳಪಿನ ಪದರ ಸವೆಸಿಕೊಳ್ಳಿ; ನೇರ ತಿರುಗಿಸಿದರೆ ಅಂಚು ಚಕ್ಕೆ ಎದ್ದು ಹೋಗುತ್ತದೆ. 3 ಮಿ.ಮೀ. ಬಿಟ್‌ನಿಂದ ಮೊದಲೊಂದು ಸಣ್ಣ ಪೈಲಟ್ ತೂತು ಹಾಕಿ, ಅದು ಒಳಗೆ ಎಲ್ಲಿ ಬಂತು ಎಂದು ನೋಡಿದ ಮೇಲೆ ದೊಡ್ಡದು ಮಾಡಿ. ಒಳಗೆ ಒಬ್ಬರು ಮರದ ತುಂಡನ್ನು ಒತ್ತಿ ಹಿಡಿದರೆ ಪ್ಲೈವುಡ್ ಸೀಳುವುದಿಲ್ಲ.

ಹೆಚ್ಚಿನವರು ಬಿಟ್ಟುಬಿಡುವ ಹಂತ ಇನ್ನು ಮುಂದಿನದು. ಬರಿಯ ತೂತಿನಲ್ಲಿ ಬೋಲ್ಟ್ ತೂರಿಸಿ ಬಿಗಿದರೆ ನಡುವಿನ ಫೋಮ್ ಅಮುಕುತ್ತದೆ, ಶೀಟು ತಗ್ಗಾಗುತ್ತದೆ. ಇಂದು ಬಿಗಿಯಾಗಿದ್ದ ಬೋಲ್ಟ್ ತಿಂಗಳೊಪ್ಪತ್ತಿನಲ್ಲಿ ಸಡಿಲ, ಮತ್ತೆ ಬಿಗಿದರೆ ಇನ್ನಷ್ಟು ತಗ್ಗು. ಇದಕ್ಕೆ ಮದ್ದು, ಗೋಡೆಯ ದಪ್ಪಕ್ಕೆ ಸರಿಯಾಗಿ ಕತ್ತರಿಸಿದ ಅಲ್ಯೂಮಿನಿಯಂ ಬುಷ್, ಅಂದರೆ ಬೋಲ್ಟ್ ತೂರುವ ಸಣ್ಣ ಕೊಳವೆ. ಎಂ8 (8 ಮಿ.ಮೀ. ವ್ಯಾಸದ) ಬೋಲ್ಟಿಗೆ ಹೊರವ್ಯಾಸ 12 ಮಿ.ಮೀ., ಒಳವ್ಯಾಸ 8 ಮಿ.ಮೀ.ಗಿಂತ ತುಸು ಹೆಚ್ಚು ಇರುವ ಬುಷ್ ಸಾಕು, ತೂತನ್ನೂ ಅದಕ್ಕೆ ತಕ್ಕಂತೆ 12 ಮಿ.ಮೀ.ಗೆ ಹಿಗ್ಗಿಸಬೇಕು. ಆಗ ಬೋಲ್ಟ್ ಬಿಗಿಯುವುದು ಲೋಹದ ಮೇಲೆ, ಫೋಮಿನ ಮೇಲಲ್ಲ. ಬುಷ್ ಸಿಗದಿದ್ದರೆ ಮೊಳೆಯೊಂದನ್ನು ಕೊಕ್ಕೆಯಂತೆ ಬಗ್ಗಿಸಿ ಡ್ರಿಲ್ಲಿಗೆ ಹಾಕಿ, ತೂತಿನ ಸುತ್ತ ಒಂದು ಸೆಂ.ಮೀ. ಫೋಮ್ ಕೆರೆದು ತೆಗೆದು, ಆ ಟೊಳ್ಳಿಗೆ ಎಪಾಕ್ಸಿ ಅಂಟು ತುಂಬಿ, ಒಂದು ದಿನ ಗಟ್ಟಿಯಾಗಲು ಬಿಟ್ಟು ಮತ್ತೆ ತೂತು ಮಾಡಬಹುದು. ನೀರು ಹೇಗೋ ನುಸುಳಿದರೂ ಫೋಮಿಗೆ ತಲುಪುವುದಿಲ್ಲ ಎಂಬ ಕಾರಣಕ್ಕೆ, ಸಮಯವಿದ್ದರೆ ಇದೇ ಮೇಲು.

ಒಳಗಿನ ಪ್ಲೇಟು ಪ್ರತಿ ಬ್ರಾಕೆಟ್ಟಿಗೆ ಕನಿಷ್ಠ 100×100 ಮಿ.ಮೀ., 4 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಇರಲಿ. ಮೂಲೆಗಳನ್ನು ಅರದಿಂದ ಉರುಟಾಗಿಸಿ, ಇಲ್ಲದಿದ್ದರೆ ಚೂಪು ಮೂಲೆ ಪ್ಲೈವುಡ್ಡಿಗೆ ಕಚ್ಚುತ್ತದೆ. ಬೋಲ್ಟು, ನೈಲಾಕ್ ನಟ್ಟು (ಸಡಿಲವಾಗದಂತೆ ಒಳಗೆ ನೈಲಾನ್ ಉಂಗುರವಿರುವ ನಟ್ಟು) ಸ್ಟೇನ್‌ಲೆಸ್‌ನವು ಇರಲಿ. ಸ್ಟೇನ್‌ಲೆಸ್ ನಟ್ಟನ್ನು ಒಣಗಿದ್ದಂತೆಯೇ ಏರ್ ಗನ್ನಿನಲ್ಲಿ ಬಿಗಿದರೆ ತಿರುಪಿನ ಎಳೆಗಳು ಒಂದಕ್ಕೊಂದು ಹಿಡಿದುಕೊಂಡು ಬಿಚ್ಚಲೂ ಆಗದೆ ಬಿಗಿಯಲೂ ಆಗದೆ ನಿಂತುಬಿಡುತ್ತವೆ. ತುಸು ಗ್ರೀಸ್ ಹಚ್ಚಿ ಕೈಯಲ್ಲೇ ಬಿಗಿಯಿರಿ. ಕಾರವಾರ, ಮಂಗಳೂರು ಕಡೆ ಓಡುವ ವಾಹನವಾದರೆ ಉಪ್ಪುಗಾಳಿಗೆ ಸ್ಟೇನ್‌ಲೆಸ್ ಮತ್ತು ಅಲ್ಯೂಮಿನಿಯಂ ತಾಗಿದ ಕಡೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ, ನಡುವೆ ನೈಲಾನ್ ವಾಷರ್ ಬೇಕೇ ಬೇಕು.

ಇನ್ನು ನೀರು. ಸ್ನಾನದ ಕೋಣೆಗೆ ಬಳಸುವ, ವಿನೆಗರ್ ವಾಸನೆಯ ಸಿಲಿಕಾನ್ ಇಲ್ಲಿ ಕೆಲಸಕ್ಕೆ ಬಾರದು. ಗೋಡೆ, ಬ್ರಾಕೆಟ್ ಎರಡೂ ಅಲುಗಾಡುವ ಕಡೆ ಅದು ಅಂಚಿನಲ್ಲಿ ಸುಲಿದು ಬರುತ್ತದೆ. ಒಮ್ಮೆ ಅದನ್ನು ಹಚ್ಚಿದ ಜಾಗದಲ್ಲಿ ಮುಂದೆ ಪೇಂಟೂ ನಿಲ್ಲುವುದಿಲ್ಲ, ಬೇರೆ ಸೀಲೆಂಟೂ ನಿಲ್ಲುವುದಿಲ್ಲ. ಬ್ರಾಕೆಟ್ಟಿನ ಹಿಂದೆ ಬ್ಯುಟೈಲ್ ಟೇಪ್ (ಅಂಟಂಟಾದ ರಬ್ಬರ್ ಪಟ್ಟಿ) ಅಥವಾ ಪಿಯು (ಪಾಲಿಯುರೆಥೇನ್) ಸೀಲೆಂಟ್ ಹಾಕಿ, ಬೋಲ್ಟಿನ ಕಾಂಡಕ್ಕೂ ಅದನ್ನೇ ಸುತ್ತಿ. ಬ್ಯುಟೈಲ್ ನಿಧಾನ ಹರಿಯುವ ವಸ್ತು. ಇಂದು ಅಂಚಿನಲ್ಲಿ ಹೊರಬರುವಷ್ಟು ಬಿಗಿದು, ನಾಳೆ ಇನ್ನೊಂದು ಅರ್ಧ ಸುತ್ತು ಬಿಗಿದು, ಹೊರಬಂದದ್ದನ್ನು ಪ್ಲಾಸ್ಟಿಕ್ ತುಂಡಿನಿಂದ ಕೆರೆದು ತೆಗೆಯಬೇಕು. ಹೊರಗಿನ ಅಂಚಿಗೆ ಸೀಲೆಂಟ್ ಎಳೆಯುವಾಗ ಮೇಲೂ ಎರಡು ಬದಿಯೂ ಎಳೆದು, ಕೆಳ ಅಂಚನ್ನು ಖಾಲಿ ಬಿಡಿ. ಒಳಸೇರಿದ ನೀರು ಅಲ್ಲಿಂದ ಇಳಿದುಹೋಗುತ್ತದೆ, ಸೋರುತ್ತಿದೆ ಎಂಬ ಸುಳಿವೂ ಸಿಗುತ್ತದೆ. ನಾಲ್ಕೂ ಕಡೆ ಮುಚ್ಚಿದರೆ ಆ ನೀರು ಒಳಗೇ ದಾರಿ ಹುಡುಕುತ್ತದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಒಳಗಿನ ಪ್ಲೇಟಿನ ಸುತ್ತ ಹೆಬ್ಬೆರಳಿನಿಂದ ಒತ್ತಿ ನೋಡಿ. ಪ್ಲೈವುಡ್ ಮೆತ್ತಗೆ ಒಳಹೋದರೆ, ಚಹಾ ಕಲೆಯಂಥ ಕಂದು ಬಣ್ಣ ಕಂಡರೆ, ಕೂಡಲೇ ಬಿಚ್ಚಿ ಒಣಗಿಸಬೇಕು.

ಗೋಡೆ ಯೋಗ್ಯವಲ್ಲ ಎನ್ನಿಸಿದರೆ ಚಾಸಿಯಿಂದಲೇ, ಅಂದರೆ ವಾಹನದ ಅಡಿಯ ಉಕ್ಕಿನ ಚೌಕಟ್ಟಿನಿಂದಲೇ ಫ್ರೇಮ್ ಎಳೆಯಬಹುದು. 40×40×3 ಮಿ.ಮೀ. ಚೌಕ ಪೈಪ್ ಮೀಟರಿಗೆ ಸುಮಾರು 3.5 ಕೆ.ಜಿ. ತೂಗುವುದರಿಂದ ಎರಡು ಸೈಕಲ್ಲಿನ ಫ್ರೇಮೇ 20 ಕೆ.ಜಿ. ದಾಟುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಿರಿ. ಚಾಸಿಯ ತೊಲೆಯ ನೇರ ನಿಂತ ಬದಿಗೆ ಮಾತ್ರ ತೂತು ಹಾಕಬೇಕು. ಮೇಲಿನ, ಕೆಳಗಿನ ಮಡಿಕೆಗೆ ತೂತು ಹಾಕಿದರೂ ವೆಲ್ಡ್ ಮಾಡಿದರೂ ಅಲ್ಲೇ ಬಿರುಕು ಹುಟ್ಟುತ್ತದೆ. ಫ್ರೇಮನ್ನು ಹೊರಗೇ ವೆಲ್ಡ್ ಮಾಡಿ ತಂದು ಬೋಲ್ಟ್ ಹಾಕುವುದು ಎಲ್ಲಕ್ಕಿಂತ ಕ್ಷೇಮ. ವಾಹನದ ಮೇಲೆಯೇ ವೆಲ್ಡಿಂಗ್ ಅನಿವಾರ್ಯವಾದರೆ ಸೋಲಾರ್ ಪ್ಯಾನೆಲ್ಲಿನ ವೈರು ಮೊದಲು, ಆಮೇಲೆ ಒಳಗಿನ ಮನೆಬಳಕೆಯ ಬ್ಯಾಟರಿ, ಎಂಜಿನ್ ಬ್ಯಾಟರಿ ಎರಡನ್ನೂ ಬಿಚ್ಚಿರಬೇಕು. ಕಂಪನಿಯ ಹಿಂಬಾಗಿಲಿಗೇ ರ‍್ಯಾಕ್ ನೇತುಹಾಕುವುದಂತೂ ಬೇಡ. ಕೀಲು ಜಗ್ಗಿ, ರಬ್ಬರ್ ಸರಿಯಾಗಿ ಕೂರದೆ, ಒಳಗಿನ ಹಾಸಿಗೆಯ ಮೇಲೆಲ್ಲ ಧೂಳು ಬರುತ್ತದೆ.

ಗೋಡೆ ಹೊತ್ತರೂ ಆಕ್ಸಲ್ ಹೊರಬೇಕಲ್ಲ. ವೀಲ್‌ಬೇಸ್ (ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವಿನ ಅಂತರ) 3.35 ಮೀಟರ್ ಇರುವ ವಾಹನದಲ್ಲಿ, ಹಿಂದಿನ ಆಕ್ಸಲ್‌ನಿಂದ 1.9 ಮೀಟರ್ ಹಿಂದೆ ಆ 65 ಕೆ.ಜಿ. ತೂಗಿದರೆ, ಹಿಂದಿನ ಚಕ್ರಗಳ ಮೇಲೆ ಬೀಳುವ ಹೆಚ್ಚುವರಿ ಭಾರ 65 ಅಲ್ಲ, 102 ಕೆ.ಜಿ.; ಮುಂದಿನ ಚಕ್ರಗಳ ಮೇಲಿಂದ 37 ಕೆ.ಜಿ. ಕಡಿಮೆಯಾಗುತ್ತದೆ. ತಕ್ಕಡಿಯ ಲೆಕ್ಕವೇ. ನೀರಿನ ಟ್ಯಾಂಕೂ ಹಿಂದೆಯೇ ಇದ್ದರೆ ಸ್ಟೇರಿಂಗ್ ಹಗುರವಾಗುವುದು ಘಾಟಿಯ ಇಳಿಜಾರಿನಲ್ಲಿ ಚೆನ್ನಾಗಿ ತಿಳಿಯುತ್ತದೆ. ಟ್ಯಾಂಕ್ ತುಂಬಿಸಿ, ಎಲ್ಲರೂ ಕೂತು, ಸೈಕಲ್ ಏರಿಸಿ ವೇಬ್ರಿಡ್ಜಿಗೆ ಹೋಗಿ. ಒಮ್ಮೆ ಪೂರ್ತಿ ವಾಹನ, ಇನ್ನೊಮ್ಮೆ ಹಿಂದಿನ ಚಕ್ರಗಳನ್ನು ಮಾತ್ರ ಹತ್ತಿಸಿ ತೂಗಿಸಿ, ಆರ್‌ಸಿಯಲ್ಲಿರುವ ಅಂಕಿಗಳಿಗೆ ಹೋಲಿಸಿ.

ಸೈಕಲ್ ಏರಿಸುವಾಗ ಭಾರದ್ದು ಗೋಡೆಯ ಪಕ್ಕಕ್ಕೆ, ಹಗುರದ್ದು ಹೊರಕ್ಕೆ. ಬ್ಯಾಟರಿಗಳನ್ನು ಕಳಚಿ ಒಳಗಿಟ್ಟರೆ ಒಂದೊಂದಕ್ಕೂ ಎರಡು ಮೂರು ಕೆ.ಜಿ. ಉಳಿಯುತ್ತದೆ. ದೊಡ್ಡ ಚಕ್ರದ ಸೈಕಲ್ 1.8 ಮೀಟರಿಗಿಂತ ಉದ್ದ ಇರುವುದರಿಂದ ನಟ್ಟನಡುವೆ ಕೂರಿಸದಿದ್ದರೆ ಒಂದು ಚಕ್ರ ಬಾಡಿಯ ಪಕ್ಕಕ್ಕೆ ಚಾಚುತ್ತದೆ. ಕಾರ್ಬನ್ ಫ್ರೇಮನ್ನು ಕ್ಲ್ಯಾಂಪಿನಲ್ಲಿ ಹಿಡಿಯಬಾರದು. ಸೈಲೆನ್ಸರ್ ಬಾಯಿಯ ಎದುರಿಗೆ ಟೈರ್ ಬರಬಾರದು. ಮಳೆಗೆಂದು ಟಾರ್ಪಾಲ್ ಸುತ್ತಿದರೆ ಅದು ಗಾಳಿಗೆ ಪಟವಾಗಿ ರ‍್ಯಾಕನ್ನೇ ಎಳೆಯುತ್ತದೆ, ಚೈನಿಗೆ ಎಣ್ಣೆ ಹಾಕಿ ಹಾಗೇ ಬಿಡುವುದೇ ವಾಸಿ. ಹೊರಟು 50 ಕಿ.ಮೀ. ಆದ ಮೇಲೆ ನಿಲ್ಲಿಸಿ ಬೆಲ್ಟು, ನಟ್ಟು ಎಲ್ಲವನ್ನೂ ಒಮ್ಮೆ ಮುಟ್ಟಿ ನೋಡಿ. ಹೇರ್‌ಪಿನ್ ತಿರುವಿನಲ್ಲಿ ಹಿಂಭಾಗ ಹೊರಕ್ಕೆ ಬೀಸುವುದು ರ‍್ಯಾಕಿನ ತುದಿಯಲ್ಲಿ ಇನ್ನೂ ಹೆಚ್ಚು ಎಂಬುದು ಡ್ರೈವರ್ ನೆನಪಿನಲ್ಲಿರಲಿ.

ಕಾನೂನಿನ ವಿಷಯದಲ್ಲಿ ಸಾರಿಗೆ ಇಲಾಖೆಯಿಂದ ಒಂದು ಸ್ಪಷ್ಟ ಮಾತು ಬೇಕಾಗಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 93ನೇ ನಿಯಮದಂತೆ, ಹಿಂದಿನ ಆಕ್ಸಲ್‌ನಿಂದಾಚೆ ವಾಹನ ಚಾಚುವುದು ವೀಲ್‌ಬೇಸಿನ ಶೇ 60ನ್ನು ಮೀರಬಾರದು. ಮೇಲಿನ ಉದಾಹರಣೆಯಲ್ಲಿ ಅದು 2.01 ಮೀಟರ್. ಹೇರಿದ ಸರಕು, ವಾಹನದ ಹಿಂತುದಿಯಿಂದಾಚೆಗೆ ಚಾಚಬಾರದೆಂದೂ ಅದೇ ನಿಯಮ ಹೇಳುತ್ತದೆ. ಮಿತಿ ಮೀರಿ ಚಾಚಿದ ಹೇರಿಗೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ದಂಡ 20,000 ರೂಪಾಯಿ. ಹಾಗಾದರೆ ಖಾಲಿ ರ‍್ಯಾಕ್ ಬಾಡಿಯ ಭಾಗವೇ? ಅದರ ಮೇಲಿನ ಸೈಕಲ್ ಸರಕೇ? ರಸ್ತೆಯಲ್ಲಿ ಕೈ ಅಡ್ಡ ಹಿಡಿದ ಅಧಿಕಾರಿಯ ವಿವೇಚನೆಗೆ ಇದನ್ನು ಬಿಡುವುದು ಅವರಿಗೂ ಕಷ್ಟ, ಪ್ರವಾಸಿಗರಿಗೂ ಕಷ್ಟ. ಇಟಲಿ, ಸ್ಪೇನ್‌ಗಳಲ್ಲಿ ಹಿಂದಕ್ಕೆ ಚಾಚಿದ ಹೇರಿಗೆ 50×50 ಸೆಂ.ಮೀ.ಯ ಕೆಂಪು–ಬಿಳಿ ಪಟ್ಟೆಯ, ಹೊಳೆಯುವ ಫಲಕ ಕಡ್ಡಾಯ. ಅಂಥದ್ದೊಂದು ಅಳತೆ, ಜೊತೆಗೆ ಲ್ಯಾಂಪ್ ಮತ್ತು ನಂಬರ್ ಪ್ಲೇಟ್ ಕಾಣಬೇಕೆಂಬ ಷರತ್ತು ಇಲ್ಲಿಯೂ ಬರಲಿ. ಎಚ್‌ಎಸ್‌ಆರ್‌ಪಿ (ಅತಿ ಸುರಕ್ಷಿತ ನಂಬರ್ ಪ್ಲೇಟ್) ಪ್ಲೇಟನ್ನು ಮುರಿಯದೆ ಕಳಚಲಾಗದ ಲಾಕಿನಲ್ಲಿ ಕೂರಿಸಿರುವುದರಿಂದ, ರ‍್ಯಾಕ್ ಅದಕ್ಕಿಂತ ಮೇಲೆಯೇ ಬರುವಂತೆ ಯೋಚಿಸಬೇಕು.

ಕ್ಯಾರವಾನ್‌ಗಳಿಗೆಂದೇ ಎಐಎಸ್-124 ಎಂಬ ಮಾನದಂಡವಿದೆ. ಅದನ್ನು ಅನುಸರಿಸಿ ಬಾಡಿ ಕಟ್ಟುವವರಲ್ಲಿ ಒಂದು ವಿನಂತಿ: ಹಿಂದಿನ ಗೋಡೆಗೆ ಫೋಮ್ ತುಂಬುವ ಮುಂಚೆಯೇ ಮೇಲೆ ಎರಡು, ಕೆಳಗೆ ಎರಡು ಕಡೆ ಲೋಹದ ಪ್ಲೇಟುಗಳನ್ನು ಚೌಕಟ್ಟಿಗೆ ಸೇರಿಸಿಬಿಡಿ. ರ‍್ಯಾಕ್ ಸೇರಿ ಎಷ್ಟು ಕೆ.ಜಿ. ತಡೆಯುತ್ತದೆಂದು ವಾಹನದ ಕಾಗದಪತ್ರದಲ್ಲಿ ಬರೆದುಕೊಡಿ. ಶೀಟು ಮುಚ್ಚುವ ಮುನ್ನ ಅಳತೆ ಟೇಪ್ ಹಿಡಿದು ಆ ನಾಲ್ಕು ಜಾಗಗಳ ಫೋಟೊ ತೆಗೆದು ಮಾಲೀಕರ ಫೋನಿಗೆ ಕಳಿಸಿ.

ಇಂತಿ,
ಕ್ಯಾರವಾನ್ ಬಾಡಿ ಕೆಲಸ ಬಲ್ಲ ಓದುಗರು,
ಹುಬ್ಬಳ್ಳಿ