ಕಾಂಡ್ಲ ಕಡಿಸಬೇಡಿ, ಅಪ್ಪ

ರಾಯಬಂದರ್, ಗೋವಾ
ಭಾನುವಾರ ರಾತ್ರಿ

ತೀರ್ಥರೂಪ ಅಪ್ಪನಿಗೆ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ಅಜ್ಜಿಗೆ ಮೊದಲು ಹೇಳಿಬಿಡಿ: ಊಟ ಸರಿಯಾಗಿದೆ, ಕುಚ್ಚಲಕ್ಕಿ ಸಿಗುತ್ತದೆ. 1961ರಲ್ಲೇ ಪೋರ್ತುಗೀಸರು ಹೋದರು ಎಂದು ಎಷ್ಟು ಸಲ ಹೇಳಿದರೂ ‘ಕಾರವಾರ ದಾಟಿದರೆ ಪರದೇಶವೇ’ ಎನ್ನುತ್ತಾಳಲ್ಲ, ಹಾಗೆಯೇ ಇರಲಿ. ಪರದೇಶದ ಪತ್ರವೆಂದೇ ಅವಳಿಗೆ ಓದಿ ಹೇಳಿ.

ಮೊನ್ನೆ ಫೋನಿನಲ್ಲಿ ನೀವು ಹೇಳಿದ್ದು ತಲೆಯಿಂದ ಹೋಗುತ್ತಿಲ್ಲ. ಅಳಿವೆಯಂಚಿನ ನಮ್ಮ ಗಜನಿ ಗದ್ದೆಯ ಕಟ್ಟೆಗೆ ಏಡಿ ತೂತು ಕೊರೆದಿದೆ, ಉಪ್ಪುನೀರು ಒಳಗೆ ಜಿನುಗುತ್ತಿದೆ, ಅದಕ್ಕೆ ಬುಡದಲ್ಲಿರುವ ಕಾಂಡ್ಲವನ್ನೆಲ್ಲ, ಅಂದರೆ ಉಪ್ಪುನೀರಿನ ಮ್ಯಾಂಗ್ರೋವ್ ಗಿಡಗಳನ್ನೆಲ್ಲ, ಕಡಿಸುತ್ತೇನೆ ಎಂದಿರಿ. ಫೋನಿನಲ್ಲಿ ನಿಮ್ಮೊಡನೆ ವಾದಿಸಿ ಗೆದ್ದವರಿಲ್ಲ. ಪತ್ರದಲ್ಲಾದರೆ ನೀವು ನಡುವೆ ಬಾಯಿ ಹಾಕಲಾರಿರಿ.

ಇವತ್ತು ರಜೆ. ಬೆಳಿಗ್ಗೆ ಫೆರಿ ಬೋಟು ಹತ್ತಿ ಆಚೆಯ ಚೊರಾವ್ ದ್ವೀಪಕ್ಕೆ ಹೋದೆ. ನಡುವೆ ಹರಿಯುವುದು ಮಾಂಡೋವಿ, ಅಂದರೆ ಖಾನಾಪುರದ ಕಾಡಿನಲ್ಲಿ ಹುಟ್ಟಿದ ನಮ್ಮ ಮಹದಾಯಿಯೇ. ದ್ವೀಪದ ಪಶ್ಚಿಮದ ತುದಿಯಲ್ಲಿ ಸಲೀಂ ಅಲಿ ಅವರ ಹೆಸರಿನ ಪಕ್ಷಿಧಾಮವಿದೆ. ಎರಡು ಚದರ ಕಿಲೋಮೀಟರೂ ಇಲ್ಲ, ಬಹುಪಾಲು ಬರೀ ಕಾಂಡ್ಲ. ಜನ ಹಕ್ಕಿ ನೋಡಲು ಕತ್ತೆತ್ತಿಕೊಂಡು ನಡೆಯುತ್ತಾರೆ. ನಾನು ಇಳಿತದ ಹೊತ್ತು ನೋಡಿ ಹೋಗಿದ್ದು ಕೆಳಗಿನ ಕೆಸರಿಗಾಗಿ.

ದಂಡೆಯ ಕಲ್ಲಿನ ಮೇಲೆ ಕೂತೆ. ಮೊದಲು ಏನೂ ಇಲ್ಲ, ತೂತು ತೂತಾದ ಕೆಸರು ಮಾತ್ರ. ಅಲುಗಾಡದೆ ಹತ್ತು ನಿಮಿಷ ಕಳೆದ ಮೇಲೆ ಒಂದು ತೂತಿನಿಂದ ಕಡ್ಡಿಯಂಥ ಎರಡು ಕಣ್ಣು ಮೇಲೆದ್ದವು. ಆಮೇಲೆ ಎಲ್ಲ ಕಡೆಯಿಂದಲೂ ಏಡಿಗಳು ಬಂದವು. ಹೆಬ್ಬೆರಳಿನ ಉಗುರಿನಷ್ಟು ಮೈ. ಗಂಡಿಗೆ ಮಾತ್ರ ಒಂದು ಕೈ ತೀರಾ ದೊಡ್ಡದು, ಕಿತ್ತಳೆಗೆಂಪು. ಕೆಲವು ಜಾತಿಗಳಲ್ಲಿ ಆ ಒಂದು ಕೈಯೇ ಮೈತೂಕದ ಅರ್ಧದಷ್ಟಿರುತ್ತದಂತೆ. ಆದರೆ ಅದರಿಂದ ಉಣ್ಣಲು ಬಾರದು. ಹೆಣ್ಣು ಎರಡೂ ಕೈಯಿಂದ ಕೆಸರು ಮೊಗೆದು ಬಾಯಿಗಿಡುತ್ತದೆ. ಗಂಡು ಉಳಿದ ಚಿಕ್ಕ ಕೈಯೊಂದರಿಂದಲೇ ಗಬಗಬನೆ ಮೊಗೆಯಬೇಕು. ಬಾಯೊಳಗೆ ಪಾಚಿಯನ್ನೂ ಸಣ್ಣ ಜೀವಿಗಳನ್ನೂ ಸೋಸಿ, ಮಿಕ್ಕ ಮಣ್ಣನ್ನು ರಾಗಿಕಾಳಿನಷ್ಟು ಉಂಡೆ ಮಾಡಿ ಉಗುಳುತ್ತದೆ. ಅಮ್ಮ ಅಕ್ಕಿ ಆರಿಸುವಾಗ ಕಲ್ಲು ಬದಿಗೆ ಎಸೆಯುವ ಹಾಗೆಯೇ. ಅರ್ಧ ಗಂಟೆಯಲ್ಲಿ ಪ್ರತಿ ಬಿಲದ ಸುತ್ತಲೂ ಉಂಡೆಗಳ ರಂಗೋಲಿ.

ಆಗ ಗದಗಿನ ಕಡೆಯ ಗೌಂಡಿಯೊಬ್ಬ, ಇಲ್ಲಿ ಮನೆ ಕಟ್ಟುವ ಕೆಲಸದವನು, ನನ್ನ ಫೋನಿನ ಕನ್ನಡ ಕೇಳಿ ಹತ್ತಿರ ಬಂದು ನಿಂತ.

‘ಹಿಡಿಯುವುದಿಲ್ಲವೇ? ಬರೀ ನೋಡುವುದೇ?’ ಎಂದ.

ಬರೀ ನೋಡುವುದು ಎಂದೆ. ಪಾಪ, ತಲೆ ಕೆಟ್ಟಿರಬೇಕು ಎಂದುಕೊಂಡು ಪಕ್ಕದಲ್ಲೇ ಕುಳಿತ. ಅಷ್ಟರಲ್ಲಿ ಹೆಣ್ಣೊಂದು ನಡೆದು ಬಂತು. ದಾರಿಯ ಗಂಡುಗಳೆಲ್ಲ ಒಟ್ಟಿಗೆ ದೊಡ್ಡ ಕೈ ಎತ್ತಿ ಎತ್ತಿ ಇಳಿಸತೊಡಗಿದವು. ‘ಕರೆಯುತ್ತಿವೆಯಲ್ಲ ಇವು!’ ಎಂದು ಅವನು ನಕ್ಕುಬಿಟ್ಟ. ಹೆಣ್ಣು ಮೂರು ಮನೆ ದಾಟಿ ನಾಲ್ಕನೆಯದರ ಬಾಗಿಲಲ್ಲಿ ನಿಂತಿತು, ಇಣುಕಿತು, ಅದನ್ನೂ ಬಿಟ್ಟು ಹೋಯಿತು. ‘ನಮ್ಮೂರಿನ ಹೆಣ್ಣು ನೋಡುವ ಶಾಸ್ತ್ರ ಇಲ್ಲಿ ತಿರುವುಮುರುವು’ ಎಂದ ಗೌಂಡಿ. ಕೆಸರಲ್ಲಿ ಕುಪ್ಪಳಿಸುವ ಮೀನನ್ನೂ ತೋರಿಸಿದೆ. ಮೈ ಒದ್ದೆಯಾಗಿರುವಷ್ಟು ಹೊತ್ತು ಅದು ಚರ್ಮದಿಂದಲೂ ಉಸಿರಾಡುತ್ತದೆ ಎಂದರೆ ನಂಬಲಿಲ್ಲ.

ಈಗ ನಿಮ್ಮ ಕಟ್ಟೆಯ ಮಾತು. ಚೊರಾವಿನಲ್ಲೂ ನಮ್ಮಂಥದೇ ಭೂಮಿ ಇದೆ, ಇಲ್ಲಿ ಅದಕ್ಕೆ ಖಜಾನ್ ಎನ್ನುತ್ತಾರೆ. ನಮ್ಮ ಗಜನಿಯೇ. ಅದೇ ಮಣ್ಣಿನ ಕಟ್ಟೆ, ಭರತ ಬಂದರೆ ನೀರಿನ ಒತ್ತಡಕ್ಕೆ ತಾನೇ ಮುಚ್ಚಿ ಇಳಿತಕ್ಕೆ ತಾನೇ ತೆರೆಯುವ ಅದೇ ಮರದ ಬಾಗಿಲು. ಉಪ್ಪು ತಾಳುವ ನಮ್ಮ ಕಗ್ಗ ಭತ್ತದ ಜಾಗದಲ್ಲಿ ಇಲ್ಲಿ ಕೊರ್ಗುಟ್ ಭತ್ತ. ಅಲ್ಲಿಯ ಮುದುಕರೊಬ್ಬರು ಕಟ್ಟೆಯ ಮೇಲೆ ಸಿಕ್ಕರು. ಅವರಿಗೂ ಏಡಿಯದೇ ಗೋಳು. ಸಣ್ಣ ತೂತನ್ನು ಅಲಕ್ಷ್ಯ ಮಾಡಿದರೆ ಹುಣ್ಣಿಮೆ ಅಮಾವಾಸ್ಯೆಯ ದೊಡ್ಡ ಭರತದಲ್ಲಿ ಕಟ್ಟೆಯೇ ಒಡೆಯುತ್ತದೆ. ಆದ್ದರಿಂದ ನಿಮ್ಮ ಭಯ ಸುಳ್ಳಲ್ಲ. ಆದರೆ ಅವರು ಇಳಿತದಲ್ಲಿ ತೂತು ಅಗೆದು, ಜೇಡಿ ಮತ್ತು ಹುಲ್ಲು ಕಲಸಿ ತುಳಿದು ಮುಚ್ಚುತ್ತಾರೆಯೇ ಹೊರತು ಕಾಂಡ್ಲಕ್ಕೆ ಕತ್ತಿ ತಾಗಿಸುವುದಿಲ್ಲ. ಅಲೆಯ ಹೊಡೆತ ಮೊದಲು ಅದರ ಬೇರಿಗೆ ತಾಗಿ, ಸತ್ತು, ಆಮೇಲೆ ಕಟ್ಟೆಗೆ ಬರುತ್ತದೆ. ಬುಡ ಬೋಳಾದರೆ ಏಡಿ ಬೇಡ, ನೀರೇ ಸಾಕು.

ಏಡಿಗೂ ಕಾಂಡ್ಲಕ್ಕೂ ಇನ್ನೊಂದು ಲೆಕ್ಕವಿದೆ. ಆ ಕೆಸರು ಕೊಳೆತ ಮೊಟ್ಟೆಯಂತೆ ನಾರುವುದು ಗೊತ್ತಲ್ಲ, ಒಳಗೆ ಗಾಳಿಯಿಲ್ಲದ್ದೇ ಕಾರಣ. ಏಡಿಯ ಬಿಲಗಳಿಂದ ಗಾಳಿಯೂ ನೀರೂ ಬೇರಿನ ತನಕ ಹೋಗುತ್ತವೆ. ಉದುರಿದ ಎಲೆಯನ್ನು ಒಳಗೆಳೆದು ತಿನ್ನುವ ಏಡಿಗಳೂ ಇವೆ. ಆಸ್ಟ್ರೇಲಿಯಾದಲ್ಲಿ ಒಂದು ಕಾಂಡ್ಲವನದಿಂದ ಏಡಿಗಳನ್ನು ಹಿಡಿದು ತೆಗೆದು ನೋಡಿದರಂತೆ, 1991ರಲ್ಲಿ ಅದರ ವರದಿ ಬಂತು: ಕೆಸರಿನಲ್ಲಿ ಗಂಧಕದ ವಿಷ ಹೆಚ್ಚಾಯಿತು, ಮರಗಳ ಬೆಳವಣಿಗೆ ಇಳಿಯಿತು. ನಿಮಗೆ ಆಸ್ಟ್ರೇಲಿಯಾ ಬೇಡವಾದರೆ ಸಿಆರ್‌ಝಡ್ ಎಂಬ ಕರಾವಳಿ ನಿಯಂತ್ರಣ ವಲಯದ ಕಾನೂನಾದರೂ ನೆನಪಿರಲಿ. ಕಾಂಡ್ಲಕ್ಕೆ ಅದರಲ್ಲಿ ರಕ್ಷಣೆಯಿದೆ, ಅರಣ್ಯ ಇಲಾಖೆಯವರು ಬಂದರೆ ಬಿಡಿಸಲು ನಾನು ಬರುವುದಿಲ್ಲ.

ಮಾರುಕಟ್ಟೆಯಲ್ಲಿ ಮೀನು ಮಾರುವ ಹೆಂಗಸು ‘ಹುಣ್ಣಿಮೆಯ ಕುರ್ಲಿ ಪೊಳ್ಳು, ಅಮಾವಾಸ್ಯೆಯದು ತುಂಬಿದ್ದು’ ಎಂದಳು. ಕುರ್ಲಿ ಎಂದರೆ ಏಡಿ. ಅಜ್ಜಿಯ ಮಾತೇ, ಭಾಷೆ ಮಾತ್ರ ಕೊಂಕಣಿ. ಚಿಪ್ಪು ಕಳಚಿದ ಹೊಸದರಲ್ಲಿ ಏಡಿ ನೀರುನೀರಾಗಿರುವುದು ನಿಜ, ಚಂದ್ರನ ಪಾತ್ರ ಎಷ್ಟೋ ಅಜ್ಜಿಯೇ ಹೇಳಲಿ.

ಮಳೆ ಹಿಡಿಯುವ ಮೊದಲು, ಬರುವ ಅಮಾವಾಸ್ಯೆಗೆ ಎರಡು ದಿನ ರಜೆ ಹಾಕಿ ಮಡಗಾಂವದಿಂದ ಕುಮಟೆಯ ರೈಲು ಹಿಡಿಯುತ್ತೇನೆ. ಆ ದಿನಗಳ ಇಳಿತ ಚೆನ್ನಾಗಿರುತ್ತದೆ, ಇಬ್ಬರೂ ಸೇರಿ ತೂತು ಮುಚ್ಚೋಣ. ಜೇಡಿ ತರಿಸಿಡಿ, ಹುಲ್ಲು ಕೊಟ್ಟಿಗೆಯಲ್ಲಿದೆ. ಬರುವಾಗ ಒಂದು ಸೇರು ಕಗ್ಗದ ಬೀಜ ಬೇಕು, ಚೊರಾವಿನ ಆ ಅಜ್ಜನಿಗೆ ಕೊಡುತ್ತೇನೆಂದು ಮಾತು ಕೊಟ್ಟಿದ್ದೇನೆ. ಕೊರ್ಗುಟ್ ಒಂದು ಮುಷ್ಟಿ ಈಗಾಗಲೇ ನನ್ನ ಚೀಲದಲ್ಲಿದೆ.

ಇಂತಿ ನಿಮ್ಮ ಮಗ