ವರ್ತನಾವಾದವನ್ನು ಪಠ್ಯದಿಂದ ಕಿತ್ತು ಹಾಕಬೇಡಿ

ಮಾನ್ಯ ಸಂಪಾದಕರೇ,

ಶಿಕ್ಷಕರ ತರಬೇತಿ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ವರ್ತನಾವಾದ (ಹೊರಗೆ ಕಾಣುವ ನಡವಳಿಕೆ ಪ್ರಚೋದನೆ, ಬಹುಮಾನಗಳಿಂದ ಹೇಗೆ ಬದಲಾಗುತ್ತದೆ ಅಂತ ನೋಡುವ ಕಲಿಕೆಯ ಸಿದ್ಧಾಂತ) ಹಳೇ ಸರಕು, ಊಟದ ಸೂಚನೆ ಸಿಕ್ಕರೇ ನಾಯಿ ಜೊಲ್ಲು ಸುರಿಸುವ ಕಥೆ, ಬಿ.ಎಡ್ ಪಠ್ಯದಿಂದ ತೆಗೆದುಬಿಡಿ ಅಂತ ಬರೆದಿದ್ದಾರೆ. ಅವರ ಬೇಸರ ನನಗೆ ಅರ್ಥವಾಗುತ್ತದೆ. ನಾನೂ ಬಿ.ಎಡ್ ವಿದ್ಯಾರ್ಥಿಗಳಿಗೆ ಇದೇ ಪಾಠ ಮಾಡುವವಳು. ಕಲಿಕೆಯ ಬಗ್ಗೆ ಪ್ರಯೋಗ ಮಾಡಿದ ವಿಜ್ಞಾನಿಗಳಲ್ಲಿ ಪಾವ್ಲೋವ್ ಅಂದ್ರೆ ನಾಯಿ, ಥಾರ್ನ್‌ಡೈಕ್ ಅಂದ್ರೆ ಬೆಕ್ಕು, ಸ್ಕಿನ್ನರ್ ಅಂದ್ರೆ ಇಲಿ, ಕೋಹ್ಲರ್ ಅಂದ್ರೆ ಚಿಂಪಾಂಜಿ ಅಂತ ಒಂದು ಮೃಗಾಲಯವನ್ನೇ ಬಾಯಿಪಾಠ ಮಾಡಿಕೊಂಡು ಟಿಇಟಿಗೆ (ಶಿಕ್ಷಕರ ಅರ್ಹತಾ ಪರೀಕ್ಷೆಗೆ) ಹೋಗುತ್ತಾರೆ. (ಕೋಹ್ಲರ್ ವರ್ತನಾವಾದಿಯೇ ಅಲ್ಲ, ಪಾಪ, ಆದರೂ ಅದೇ ಸಾಲಿನಲ್ಲಿ ನಿಂತಿದ್ದಾರೆ.) ಹಾಗಂತ ಸಿದ್ಧಾಂತವೇ ಬೇಡ ಅಂದರೆ ಹೇಗೆ?

ಭಯದ ವಿಷಯವನ್ನೇ ತಗೊಳ್ಳಿ. 1920ರಲ್ಲಿ ಅಮೆರಿಕದ ವಾಟ್ಸನ್ ಮತ್ತು ರೇನರ್ ಸುಮಾರು 11 ತಿಂಗಳ ಕೂಸಿಗೆ ಬಿಳಿ ಇಲಿ ತೋರಿಸಿ, ಅದು ಮುಟ್ಟಲು ಹೋದಾಗ ಬೆನ್ನ ಹಿಂದೆ ಕಬ್ಬಿಣದ ಸರಳಿಗೆ ಸುತ್ತಿಗೆಯಿಂದ ಬಡಿದರು. ಆಮೇಲೆ ಇಲಿ ಕಂಡರೇ ಮಗು ಅಳತೊಡಗಿತು. ಕ್ರೂರ ಪ್ರಯೋಗ, ಇವತ್ತು ಯಾರೂ ಒಪ್ಪಲ್ಲ. ಆದರೆ 1924ರಲ್ಲಿ ಮೇರಿ ಕವರ್ ಜೋನ್ಸ್ ಇದನ್ನೇ ತಿರುಗಿಸಿ, ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಪುಟ್ಟ ಹುಡುಗ ಇಷ್ಟದ ತಿಂಡಿ ತಿನ್ನುವಾಗ ಮೊಲವನ್ನು ಸ್ವಲ್ಪ ಸ್ವಲ್ಪವೇ ಹತ್ತಿರ ತಂದು ಭಯ ಬಿಡಿಸಿದರು. ಲಿಫ್ಟ್, ನಾಯಿ, ಇಂಜೆಕ್ಷನ್ ಕಂಡರೆ ನಡುಗುವವರಿಗೆ ಇವತ್ತು ಕೊಡುವ ಚಿಕಿತ್ಸೆಯ ಬೇರು ಅಲ್ಲಿದೆ.

ಇನ್ನು ಸ್ಕಿನ್ನರ್. 1953ರಲ್ಲಿ ಮಗಳ ಗಣಿತದ ತರಗತಿಯಲ್ಲಿ ಕೂತಾಗ ಅವರಿಗೆ ಕಂಡದ್ದು ಇಷ್ಟು: ಎಲ್ಲರಿಗೂ ಒಂದೇ ವೇಗ, ಮಾಡಿದ ಲೆಕ್ಕ ಸರಿಯೋ ತಪ್ಪೋ ಅಂತ ಗೊತ್ತಾಗುವುದಕ್ಕೆ ತುಂಬಾ ಹೊತ್ತು. ಚಿಕ್ಕ ಹೆಜ್ಜೆ, ತಕ್ಷಣ ಉತ್ತರ ಅನ್ನುವ ಅವರ ಬೋಧನಾ ಯಂತ್ರ ಹುಟ್ಟಿದ್ದು ಹಾಗೆ. ನಮ್ಮಲ್ಲಿ ನೋಟ್‌ಬುಕ್ ತಿದ್ದಿ ವಾಪಸ್ ಬರುವಷ್ಟರಲ್ಲಿ ಮಗು ಆ ಲೆಕ್ಕವನ್ನೇ ಮರೆತಿರುತ್ತದೆ ಅಲ್ವಾ? ಜೊತೆಗೆ, ಶಿಕ್ಷೆಯಿಂದ ತಪ್ಪು ತಾತ್ಕಾಲಿಕವಾಗಿ ಅಡಗುತ್ತದೆ ಅಷ್ಟೇ, ಸರಿಯಾದದ್ದನ್ನು ಅದು ಕಲಿಸಲ್ಲ ಎಂದು ಜೀವನವಿಡೀ ಹೇಳಿದವರು ಇದೇ ಸ್ಕಿನ್ನರ್. ಶಾಲೆಯಲ್ಲಿ ಹೊಡೆಯಬಾರದು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳಿದ ಮೇಲೂ ಬೆತ್ತವನ್ನು ಸಮರ್ಥಿಸಿಕೊಳ್ಳುವವರು ವರ್ತನಾವಾದವನ್ನು ಎಳೆದು ತರುವುದು ಸುಮ್ನೆ ನೆಪ.

ಹಾಗಾದರೆ ದೋಷವೇ ಇಲ್ಲವಾ? ಇದೆ, ದೊಡ್ಡದೇ ಇದೆ. ತಲೆಯೊಳಗೆ ಏನು ನಡೆಯುತ್ತದೆ ಅಂತ ಅದು ಕೇಳುವುದೇ ಇಲ್ಲ. 1930ರಲ್ಲಿ ಟೋಲ್ಮನ್ ಮತ್ತು ಹಾನ್ಜಿಕ್ ಕೆಲವು ಇಲಿಗಳನ್ನು 10 ದಿನ ಬಹುಮಾನವೇ ಇಲ್ಲದೆ ಚಕ್ರವ್ಯೂಹದಂಥ ದಾರಿಯಲ್ಲಿ ಓಡಾಡಲು ಬಿಟ್ಟರು. 11ನೇ ದಿನ ಕೊನೆಯಲ್ಲಿ ಆಹಾರ ಇಟ್ಟದ್ದೇ ತಡ, ಮಾರನೇ ದಿನವೇ ಅವುಗಳ ತಪ್ಪುಗಳು ದಿಢೀರ್ ಇಳಿದವು. ಅಂದರೆ ಬಹುಮಾನ ಸಿಗುವ ಮೊದಲೇ ದಾರಿ ಕಲಿತಿದ್ದವು, ತೋರಿಸಿರಲಿಲ್ಲ ಅಷ್ಟೇ. ಎಂದೂ ಕೇಳಿರದ ವಾಕ್ಯವನ್ನು ಮಗು ಹೇಗೆ ಆಡುತ್ತದೆ ಅನ್ನುವುದಕ್ಕೆ ಸ್ಕಿನ್ನರ್ ಬಳಿ ಉತ್ತರವಿಲ್ಲ ಎಂದು 1959ರಲ್ಲಿ ಭಾಷಾವಿಜ್ಞಾನಿ ಚಾಮ್‌ಸ್ಕಿ ಹಿಡಿದು ಕೇಳಿದರು.

ನನ್ನನ್ನು ಜಾಸ್ತಿ ಕಾಡುವುದು 1973ರ ಪ್ರಯೋಗ. ಚಿತ್ರ ಬಿಡಿಸುವುದನ್ನು ತಾವಾಗಿಯೇ ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ, ಬಿಡಿಸಿದರೆ ಪ್ರಮಾಣಪತ್ರ ಕೊಡ್ತೀವಿ ಅಂತ ಲೆಪ್ಪರ್ ಮತ್ತು ಸಂಗಡಿಗರು ಮೊದಲೇ ಆಸೆ ತೋರಿಸಿದರು. ಕೊಟ್ಟರು ಕೂಡ. ಕೆಲವು ದಿನಗಳ ನಂತರ ಆ ಮಕ್ಕಳು ಚಿತ್ರಕ್ಕೆ ಕೊಟ್ಟ ಸಮಯ ಉಳಿದ ಮಕ್ಕಳದ್ದರ ಸುಮಾರು ಅರ್ಧ! ಕಥೆ ಪುಸ್ತಕ ಓದಿದ್ದಕ್ಕೂ ಸ್ಟಾರ್, ಹಾಡಿದ್ದಕ್ಕೂ ಸ್ಟಾರ್ ಅಂಟಿಸುವ ಶಾಲೆಗಳು ಇದನ್ನು ಗಮನಿಸಬೇಕು. ಮಗ್ಗಿ ಕಲಿಯುವುದಕ್ಕೆ, ಕೈ ತೊಳೆಯುವ ಅಭ್ಯಾಸಕ್ಕೆ ಪುನರ್ಬಲನ (ಬಹುಮಾನ, ಮೆಚ್ಚುಗೆ ಕೊಟ್ಟು ಆ ನಡವಳಿಕೆಯನ್ನು ಗಟ್ಟಿ ಮಾಡುವುದು) ಸರಿ. ಈಗಾಗಲೇ ಖುಷಿಯಿಂದ ಮಾಡುತ್ತಿರುವ ಕೆಲಸಕ್ಕೆ ಯಾಕೆ?

ಪಠ್ಯ ಹಾಗೇ ಇರಲಿ. ಬದಲಾಗಬೇಕಾದದ್ದು ಪ್ರಶ್ನೆಪತ್ರಿಕೆ. ಯಾರು ಯಾವ ಪ್ರಾಣಿ ಇಟ್ಟುಕೊಂಡಿದ್ದರು ಅಂತ ಕೇಳುವ ಬದಲು, ಬೋರ್ಡ್ ಮುಂದೆ ನಿಲ್ಲಲು ಹೆದರುವ ಹುಡುಗಿಗೆ ನೀವೇನು ಮಾಡುತ್ತೀರಿ, ಯಾಕೆ ಅಂತ ಕೇಳಲಿ.

– ಬಿ.ಎಡ್ ಉಪನ್ಯಾಸಕಿ, ಶಿವಮೊಗ್ಗ