ಅಮ್ಮನಿಗೆ: ಹೊಲಿಗೆ ಮಿಷನ್ ವಿಷಯ, ಕಣ್ಣಿನ ವಿಷಯ

ಬ್ರಾಂಪ್ಟನ್, ಕೆನಡಾ

ಪ್ರೀತಿಯ ಅಮ್ಮನಿಗೆ ನಮಸ್ಕಾರಗಳು. ಅಪ್ಪನಿಗೂ ಅಜ್ಜಿಗೂ ತಿಳಿಸು. ನಾವೆಲ್ಲ ಇಲ್ಲಿ ಕ್ಷೇಮ.

ನಿನ್ನ ಕಾಗದ ಬಂತು. ಅದರ ಹಿಂದೆಯೇ ಪುಟ್ಟಿಯ ಕಾಗದವೂ ಬಂತು. ನೀನು ಬರೆಯದೆ ಬಿಟ್ಟಿದ್ದನ್ನೆಲ್ಲ ಅವಳು ಬರೆದಿದ್ದಾಳೆ. ಸೂಜಿಗೆ ದಾರ ಪೋಣಿಸೋಕೆ ಪಕ್ಕದ ಮನೆ ಹುಡುಗನನ್ನು ಕೂಗುತ್ತೀಯಂತೆ. ಮೆರೂನ್ ಬ್ಲೌಸಿಗೆ ಕಂದು ದಾರ ಹಾಕಿ, ಆಮೇಲೆ ಎಲ್ಲ ಬಿಚ್ಚಿ ಹೊಲಿದೆಯಂತೆ. ಬಣ್ಣದಲ್ಲಿ ನಿನ್ನ ಕಣ್ಣು ತಪ್ಪಿತು ಅಂದರೆ ನನಗೆ ಎದೆ ಧಸಕ್ಕೆಂದಿತು. ಪೊರೆ ಬಂದಿದೆ, ಬಲಗಣ್ಣಿಗೆ ಮೊದಲು ಆಪರೇಷನ್ ಮಾಡಿಸಿ ಅಂತ ಡಾಕ್ಟರು ಹೇಳಿದರೂ ಮದುವೆ ಸೀಸನ್ ಮುಗಿಯಲಿ ಅಂತ ಕೂತಿದ್ದೀಯಂತೆ. ಇದು ಸರಿಯಲ್ಲ ಅಮ್ಮ.

ನನ್ನ ಕಂಪ್ಯೂಟರ್ ಹೊಲಿಗೆ ಮಿಷನ್ ತಾನಾಗೇ ಹೊಲಿಯುತ್ತಾ ಅಂತ ನೀನು ಕೇಳಿದ್ದಕ್ಕೆ ಮೊದಲು ಹೇಳಿಬಿಡುತ್ತೇನೆ. ಇಲ್ಲ, ತಾನಾಗೇ ಹೊಲಿಯುವುದಿಲ್ಲ. ಬಟ್ಟೆ ಕತ್ತರಿಸುವುದು, ಜೋಡಿಸುವುದು, ಹಿಡಿದು ತಿರುಗಿಸುವುದು ಎಲ್ಲ ನಾವೇ. ತುಳಿಯೋದು ಮಾತ್ರ ಇಲ್ಲ. ಬಟನ್ ಒತ್ತಿದರೆ ಹೊಲಿಯುತ್ತದೆ, ಇನ್ನೊಮ್ಮೆ ಒತ್ತಿದರೆ ನಿಲ್ಲುತ್ತದೆ. ನೀನು ಕುತ್ತಿಗೆ ಪಟ್ಟಿ ತಿರುಗಿಸುವಾಗ ಚಕ್ರವನ್ನು ಕೈಯಲ್ಲೇ ತಿರುಗಿಸುತ್ತೀಯಲ್ಲ, ಸ್ಪೀಡು ಕಮ್ಮಿ ಇಟ್ಟರೆ ಅಷ್ಟೇ ನಿಧಾನವಾಗಿ ಹೊಲಿಗೆ ಬೀಳುತ್ತದೆ. ನಿಲ್ಲಿಸಿದಾಗ ಸೂಜಿ ಬಟ್ಟೆಯೊಳಗೇ ನಿಲ್ಲುವುದರಿಂದ ಮೂಲೆ ತಿರುಗಿಸೋಕೆ ತುಂಬ ಅನುಕೂಲ.

ಅದು ಗುಂಡಿಯ ಕಾಜಾ ಹೊಲಿಯೋದು ನೋಡಿದರೆ ನಿನಗೆ ಬಹಳ ಖುಷಿಯಾಗುತ್ತದೆ. ಹಾಕಬೇಕಾದ ಗುಂಡಿಯನ್ನೇ, ಬಟ್ಟೆ ಒತ್ತಿ ಹಿಡಿಯುವ ಫೂಟಿನ ಹಿಂಭಾಗಕ್ಕೆ ಸಿಕ್ಕಿಸಿ, ಪಕ್ಕದ ಕಡ್ಡಿಯನ್ನು ಕೆಳಗೆಳೆದು ಬಟನ್ ಒತ್ತಬೇಕು. ಅಳತೆ ಅದೇ ಹಿಡಿದು, ಎರಡು ಬದಿ ಎರಡು ತುದಿ ಹೊಲಿದು ನಿಲ್ಲುತ್ತದೆ. ಮಧ್ಯ ಸೀಳುವುದಷ್ಟೇ ನಮ್ಮ ಕೆಲಸ. ಫೂಟ್ ಇಳಿಸದೆ ಬಟನ್ ಒತ್ತಿದರೆ ಕುಂಯ್ ಅಂತ ಸದ್ದು ಮಾಡುತ್ತದೆ, ಹೊಲಿಯೋದೇ ಇಲ್ಲ. ಸೂಜಿಯನ್ನು ಎಡಬಲಕ್ಕೆ ಸರಿಸೋಕೆ, ಬಟ್ಟೆ ತಳ್ಳುವ ಹಲ್ಲು ನೋಡಿಕೊಳ್ಳೋಕೆ ಒಳಗೆ ಬೇರೆ ಬೇರೆ ಪುಟ್ಟ ಮೋಟಾರುಗಳಿವೆ, ಕಂಪ್ಯೂಟರು ಅವಕ್ಕೆ ಲೆಕ್ಕ ಹೇಳುತ್ತದೆ. ಜಪಾನಿನ ಜಾನೋಮ್ ಕಂಪನಿ 1979ರಲ್ಲೇ ಮನೆಬಳಕೆಗೆ ಇಂಥ ಮಿಷನ್ ತಂದಿತ್ತು. ನೀನು ಹೊಲಿಗೆ ಕಲಿತದ್ದೂ ಆ ಸುಮಾರಿಗೇ ಅಲ್ವಾ? ಎಣ್ಣೆ ಮಾತ್ರ ಹಾಕಬೇಡಿ ಅಂತ ನಮ್ಮ ಮಿಷನ್ನಿನ ಪುಸ್ತಕದಲ್ಲಿ ಬರೆದಿದ್ದಾರೆ. ಕೆಳದಾರದ ಬಾಬಿನ್ ಕೂರುವ ಜಾಗದ ಧೂಳನ್ನು ಬ್ರಷ್‌ನಲ್ಲಿ ತೆಗೆದರೆ ಸಾಕು.

ಇಲ್ಲಿನವರು ಬಟ್ಟೆಯಲ್ಲಿ ಹೊಲಿಗೆಯ ಆಚೆ 5/8 ಇಂಚು ಬಿಟ್ಟರೆ ಹೆಚ್ಚು. ನಾನು ನಿನ್ನ ಹಾಗೆ ಬ್ಲೌಸಿನ ಪಕ್ಕಕ್ಕೆ ಒಂದೂವರೆ ಇಂಚು ಬಿಟ್ಟಿದ್ದು ನೋಡಿ ಪಕ್ಕದ ಮನೆಯಾಕೆಗೆ ಆಶ್ಚರ್ಯ. ದಪ್ಪ ಆದರೆ ಬಿಚ್ಚಿ ಸಡಿಲ ಮಾಡಬಹುದು, ನಾಳೆ ಮಗಳಿಗೂ ಆಗುತ್ತದೆ ಅಂದೆ. ಅವರು ಒಳಗೆಲ್ಲ ತಿರುಗಿಸಿ ತಿರುಗಿಸಿ ನೋಡಿದರು. ಇಲ್ಲಿ ಪ್ಯಾಂಟಿನ ಕಾಲು ಗಿಡ್ಡ ಮಾಡಿಸೋಕೇ 15 ಡಾಲರ್ ಕೇಳುತ್ತಾರೆ. ನಿನ್ನ ಕೈಕೆಲಸದ ಬೆಲೆ ನಿನಗೇ ಗೊತ್ತಿಲ್ಲ.

ಇನ್ನು ದಾರ ಪೋಣಿಸೋ ವಿಷಯ. ಅದನ್ನೂ ಮಿಷನ್ನೇ ಮಾಡುತ್ತಾ ಅಂತ ನೀನು ಯಾಕೆ ಕೇಳಿದೆ ಅನ್ನೋದು ಈಗ ಅರ್ಥವಾಯಿತು. ಹೌದು, ಅದಕ್ಕೂ ಒಂದು ಹಿಡಿಕೆ ಇದೆ. ಫೂಟ್ ಎತ್ತಿಟ್ಟು, ಬಾಣದ ಗುರುತು ನೋಡಿಕೊಂಡು ದಾರ ತರಬೇಕು. ಎತ್ತದಿದ್ದರೆ ದಾರ, ಅದನ್ನು ಬಿಗಿ ಹಿಡಿಯುವ ಟೆನ್ಷನ್ ಒಳಗೆ ಸರಿಯಾಗಿ ಕೂರದೆ ಕೆಳಗಡೆ ಸಿಕ್ಕಾಗುತ್ತದೆ. ಆಮೇಲೆ ಹಿಡಿಕೆ ಒತ್ತಿದರೆ ತೀರಾ ಸಣ್ಣದೊಂದು ಕೊಕ್ಕೆ ಸೂಜಿಯ ಕಣ್ಣಲ್ಲಿ ತೂರಿ ದಾರ ಎಳೆದುಕೊಳ್ಳುತ್ತದೆ. ಆದರೆ ಅಮ್ಮ, ಮೆರೂನ್ ಯಾವುದು ಕಂದು ಯಾವುದು ಅಂತ ಅದು ಹೇಳುವುದಿಲ್ಲ. ಬೆರಳು ಸೂಜಿ ಕೆಳಗೆ ಬಂದರೂ ಅದಕ್ಕೆ ಗೊತ್ತಾಗುವುದಿಲ್ಲ.

ಪೊರೆ ಹಣ್ಣಾಗಲಿ ಅಂತ ದೊಡ್ಡಮ್ಮ ಹೇಳಿದ್ದು ಅವರ ಕಾಲದ ಮಾತು. ಈಗ ಕಾಯಬೇಕಾಗಿಲ್ಲ. ತುಂಬ ಬಲಿತರೆ ಆಪರೇಷನ್ನೇ ಕಷ್ಟ. ಸಣ್ಣದಾಗಿ ಸೀಳಿ, ಪೊರೆ ತೆಗೆದು ಲೆನ್ಸ್ ಕೂರಿಸುತ್ತಾರೆ, ಸಾಮಾನ್ಯವಾಗಿ ಅವತ್ತೇ ಮನೆಗೆ ಕಳಿಸುತ್ತಾರೆ. ಕೆಲವು ವಾರ ಡ್ರಾಪ್ಸ್ ಹಾಕಬೇಕು, ಕಣ್ಣು ಉಜ್ಜಬಾರದು, ಡಾಕ್ಟರು ಹೇಳುವವರೆಗೆ ತಲೆಗೆ ನೀರು ಹಾಕಿಕೊಳ್ಳಬಾರದು. ತಿಪಟೂರಲ್ಲಿ ಧೈರ್ಯ ಬಾರದಿದ್ದರೆ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಗೆ ಹೋಗಿ. ರೈಲಲ್ಲಿ ಬಂದರೆ ಮಾವ ಸ್ಟೇಷನ್ನಿಗೇ ಬರುತ್ತಾರೆ. ಒಪ್ಪಿಕೊಂಡ ಬ್ಲೌಸುಗಳನ್ನು ಚಿಕ್ಕಮ್ಮನಿಗೆ ಕೊಡು. ಸೀರೆಯ ಫಾಲ್, ಜಿಗ್‌ಜಾಗ್ ಎಲ್ಲ ಕಾಯಲಿ.

ದುಡ್ಡು ಅಪ್ಪನ ಅಕೌಂಟಿಗೆ ಹಾಕಿದ್ದೇನೆ. ನಮಗೆ ಏನೂ ಕಷ್ಟವಿಲ್ಲ, ನಿಜವಾಗಿಯೂ ಇಲ್ಲ. ನಿನ್ನ ಅಳಿಯನೇ ಮೊದಲು ಕಳಿಸು ಅಂದರು. ಬಾಡಿಗೆ ಕಟ್ಟಿ ಆಗಿದೆ, ಮನೆ ಬೆಚ್ಚಗಿದೆ, ಸೋನಾ ಮಸೂರಿ ಅಕ್ಕಿಯೇ ಸಿಗುತ್ತದೆ, ಮಗು ಚೆನ್ನಾಗಿ ಉಣ್ಣುತ್ತಾಳೆ. ಸುಮ್ನೆ ಯೋಚನೆ ಮಾಡಬೇಡ. ಆ ದುಡ್ಡು ಕಣ್ಣಿಗೆ ಮಾತ್ರ, ಪುಟ್ಟಿಯ ಒಡವೆಗೆ ತೆಗೆಯಬೇಡ.

ಇದೇ ಮಿಷನ್ ಕಳಿಸೋಕಾಗಲ್ಲ. ಇಲ್ಲಿನ ಕರೆಂಟು 120 ವೋಲ್ಟ್, ನಮ್ಮಲ್ಲಿ 230. ನೇರ ಹಾಕಿದರೆ ಸುಟ್ಟು ಹೋಗುತ್ತದೆ. ಬೆಂಗಳೂರಲ್ಲಿ ಉಷಾ ಜಾನೋಮ್ ಸಿಗುತ್ತದೆ, ರಿಪೇರಿಗೂ ಒಳ್ಳೆಯದು. ಆಪರೇಷನ್ ಆಗಿ ಕನ್ನಡಕ ಬಂದ ಮೇಲೆ ನೀನೇ ಅಂಗಡಿಯಲ್ಲಿ ಹೊಲಿದು ನೋಡಿ ಆರಿಸು, ದುಡ್ಡು ನಾನು ಕೊಡುತ್ತೇನೆ. ಹಳೆಯದನ್ನು ಮಾರಬೇಡ, ಕರೆಂಟು ಹೋದಾಗ ಅದೇ ಬೇಕು.

ಬಸ್ಸಿಗೆ ಹೊತ್ತಾಯಿತು. ಆಪರೇಷನ್ ತಾರೀಖು ಗೊತ್ತಾದ ದಿನವೇ ಪುಟ್ಟಿಯಿಂದ ಫೋನ್ ಮಾಡಿಸು, ಇಲ್ಲಿ ನಡುರಾತ್ರಿ ಆದರೂ ಸರಿ. ಉಳಿದದ್ದು ಮುಂದಿನ ಕಾಗದದಲ್ಲಿ.

ಇಂತಿ ನಿನ್ನ ಮಗಳು